ಕೋಡಿ ಇಲ್ಲದ ಒಡ್ಡು: ಧಾರವಾಡದ ನಮ್ಮ ಮನೆಯ ತಡೆಗೋಡೆ ಎರಡು ಸಲ ಕಟ್ಟಿಸಿದ ಪ್ರಕರಣ

2024ರ ಜುಲೈ. ಪುನರ್ವಸು ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಬೆಳಗ್ಗೆ ಹುಬ್ಬಳ್ಳಿಗೆ ಕೆಲಸಕ್ಕೆ ಹೊರಟವನನ್ನು ಕೆಳಗಿನ ಮನೆಯ ಕಾಕೂ ಗೇಟಿನ ಹತ್ತಿರ ತಡೆದರು. ಅವರ ಕೈಯಲ್ಲಿ ಇನ್ನೂ ಪೊರಕೆ ಇತ್ತು.

"ತಮ್ಮಾ, ನಿಮ್ಮ ಗೋಡಿ ಹೊಟ್ಟಿ ಬಿಟ್ಟೈತಿ. ಒಂದ್ ಸಲ ಬಂದು ನೋಡು."

ಅವರ ಹಿತ್ತಲಿಗೆ ಹೋಗಿ ನಿಂತು ನೋಡಿದೆ. ನಮ್ಮ ಹಿತ್ತಲ ಮಣ್ಣು ಅವರ ಕಡೆ ಜಾರದಂತೆ ಕಟ್ಟಿಸಿದ ಗೋಡೆ ಅದು. ಬುಡದಿಂದ ಸುಮಾರು ಎರಡೂವರೆ ಅಡಿ ಮೇಲೆ, ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಅಡ್ಡ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು. ಸಂಜೆ ಒಬ್ಬ ಗೌಂಡಿಯನ್ನು ಕರೆಸಿ ಮೇಲಿನಿಂದ ತೂಗುಗುಂಡು ಇಳಿಬಿಟ್ಟು ನೋಡಿದೆವು. ಗೋಡೆಯ ತಲೆ ಮೂರು ಇಂಚು ಹೊರಗೆ ವಾಲಿತ್ತು. ಗೋಡೆಗೆ ಅಂಟಿಕೊಂಡೇ ಕಾಕೂ ಅವರ ಬಟ್ಟೆ ಒಗೆಯುವ ಕಲ್ಲು ಇದೆ. ದಿನಾ ಬೆಳಗ್ಗೆ ಒಂದು ತಾಸು ಅವರು ಅಲ್ಲೇ ಕೂತಿರುತ್ತಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗೋಡೆ ಕಟ್ಟಿಸಿ ಆಗ ಹದಿನಾರು-ಹದಿನೇಳು ತಿಂಗಳಾಗಿತ್ತು ಅಷ್ಟೇ. ಅದು ಯಾಕೆ ಸೋತಿತು, ಎರಡನೇ ಸಲ ಏನು ಬದಲಾಯಿಸಿದೆವು, ಗುತ್ತೇದಾರರನ್ನು ಹೇಗೆ ಆರಿಸಿದೆವು, ರೊಕ್ಕ ಹೇಗೆ ಕೊಟ್ಟೆವು ಅನ್ನುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಧಾರವಾಡದ ಏರಿಳಿತದ ಜಾಗದಲ್ಲಿ ಮನೆ ಕಟ್ಟಿಸುವವರು ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗ ಆಗಲಿ ಅಂತ ಆಸೆ.

ಜಾಗ ಮತ್ತು ಮಣ್ಣು

ನಮ್ಮದು ಕೆಲಗೇರಿ ಕಡೆ, 40 ಅಡಿ ಅಗಲ 60 ಅಡಿ ಉದ್ದದ ಜಾಗ. ರಸ್ತೆಯಿಂದ ಹಿಂದಕ್ಕೆ ಇಳಿಜಾರು. ಮನೆಯ ಹಿಂದೆ ಅಂಗಳ ಸಪಾಟಾಗಿ ಇರಲಿ, ಎರಡು ಗಿಡ ಹಚ್ಚೋಣ ಅಂತ ಮಣ್ಣು ತುಂಬಿಸಿದೆವು. ಹಾಗಾಗಿ ಹಿಂದಿನ ಗಡಿಯಲ್ಲಿ ನಮ್ಮ ನೆಲಕ್ಕೂ ಕಾಕೂ ಅವರ ನೆಲಕ್ಕೂ 8 ಅಡಿ ವ್ಯತ್ಯಾಸ ಬಿತ್ತು.

ಧಾರವಾಡ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಊರು. ಪಶ್ಚಿಮಕ್ಕೆ ಹಳಿಯಾಳ, ದಕ್ಷಿಣಕ್ಕೆ ಕಲಘಟಗಿ ಕಡೆ ಹೋದರೆ ಕೆಂಪು ಮಣ್ಣು, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು). ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಅಪ್ಪಟ ಎರೆಮಣ್ಣು. ಊರೊಳಗೆ ಇವೆರಡೂ ಬೆರೆತಿವೆ. ನಮ್ಮ ಜಾಗದಲ್ಲಿ ಮೇಲೆ ಎರೆ, ಕೆಳಗೆ ಗರಸು. ಮನೆಯ ಪಾಯಾ ತೆಗೆದಾಗ ಬಂದ ಎರೆಮಣ್ಣಿನ ರಾಶಿ ಹಿತ್ತಲಲ್ಲೇ ಬಿದ್ದಿತ್ತು. ಅದನ್ನು ಹೊರಗೆ ಸಾಗಿಸಲು ಟ್ರ್ಯಾಕ್ಟರ್ ಖರ್ಚು ಬೇರೆ ಯಾಕೆ ಅಂತ ಗೋಡೆಯ ಹಿಂದೆ ಅದನ್ನೇ ತುಂಬಿಸಿದೆವು. ಇಡೀ ಪ್ರಕರಣದಲ್ಲಿ ನಾವು ಉಳಿಸಿದ ಮೊದಲ ರೊಕ್ಕ ಅದು. ನಮಗೆ ಎಲ್ಲಕ್ಕಿಂತ ದುಬಾರಿಯಾಗಿದ್ದೂ ಅದೇ.

ಎರೆಮಣ್ಣಿನ ಗುಣ ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಹಿತ್ತಲ ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೆ ಇಳಿಯುತ್ತಿತ್ತು. ಮಗಳು ಅದರಲ್ಲಿ ಕಡ್ಡಿ ಇಳಿಸಿ ಆಟ ಆಡುತ್ತಿದ್ದಳು. ಮೊದಲ ಮಳೆ ಬಂದಾಗ ನೀರೆಲ್ಲ ಆ ಬಿರುಕಿನೊಳಗೆ ಗಟಗಟ ಇಳಿಯಿತು. ಎಷ್ಟು ಛಂದ ನೀರು ಇಂಗುತ್ತದೆ ಅಂತ ಆಗ ಖುಷಿಪಟ್ಟಿದ್ದೆ. ಆ ನೀರು ನೇರ ಹೋಗಿ ನಿಂತದ್ದು ಗೋಡೆಯ ಬೆನ್ನಿಗೆ.

ಮೊದಲ ಗೋಡೆ

2023ರ ಫೆಬ್ರುವರಿಯಲ್ಲಿ ಕಟ್ಟಿಸಿದೆವು. ಗುತ್ತೇದಾರರು ನಮ್ಮ ಮನೆಯ ಕಂಪೌಂಡ್ ಚೆನ್ನಾಗಿ ಕಟ್ಟಿದ್ದವರು. ಹಿತ್ತಲಿಗೆ ಬಂದರು, ಟೇಪು ಹಿಡಿದರು. ರನ್ನಿಂಗ್ ಫೂಟಿಗೆ, ಅಂದರೆ ಉದ್ದದ ಪ್ರತಿ ಅಡಿಗೆ, 4,600 ರೂಪಾಯಿ ಅಂದರು. 40 ಅಡಿಗೆ 1,84,000. ನಾನು ಕೇಳಿದ್ದು ಒಂದೇ ಪ್ರಶ್ನೆ: ಗಟ್ಟಿ ಇರುತ್ತದಲ್ಲ?

"ಏನೂ ಆಗಂಗಿಲ್ರಿ ಸರ್. ಇಂಥಾವು ಎಷ್ಟೋ ಕಟ್ಟೇನ್ರಿ."

ಕರಾರು ಪತ್ರ ಇಲ್ಲ, ನಕ್ಷೆ ಇಲ್ಲ. ಅವರ ಡೈರಿಯ ಒಂದು ಹಾಳೆಯಲ್ಲಿ ಉದ್ದ, ಎತ್ತರ, ದರ ಬರೆದಿದ್ದರು ಅಷ್ಟೇ. ಒಂದೂವರೆ ಅಡಿ ಪಾಯಾ, 8 ಇಂಚಿನ ಸಿಮೆಂಟ್ ಬ್ಲಾಕು, ಹತ್ತು ಅಡಿಗೊಂದು ಕಂಬ, ಮೇಲೆ ಪ್ಲಾಸ್ಟರ್. ನೀರು ಹೊರಗೆ ಬರಲು ಒಂದು ತೂತೂ ಇಲ್ಲ. ನಾನು ಅದನ್ನು ಗಮನಿಸಲೂ ಇಲ್ಲ. ಪ್ಲಾಸ್ಟರ್ ನುಣ್ಣಗೆ ಬಂದಿತ್ತು, ಬಣ್ಣ ಹೊಡೆಸಿದೆವು.

ಆ ಗುತ್ತೇದಾರರು ಸಿಮೆಂಟ್ ಕದ್ದವರಲ್ಲ, ಇಲ್ಲಿ ಅವರ ಹೆಸರು ಕೆಡಿಸುವ ಉದ್ದೇಶವೂ ನನಗಿಲ್ಲ. ಅವರಿಗೆ ಗೊತ್ತಿದ್ದದ್ದು ಕಂಪೌಂಡ್ ಗೋಡೆ. ಅದನ್ನೇ ಸ್ವಲ್ಪ ಎತ್ತರ ಮಾಡಿ ಕಟ್ಟಿಕೊಟ್ಟರು. ಆದರೆ ಕಂಪೌಂಡ್ ಗೋಡೆ ಹೊರಬೇಕಾದದ್ದು ತನ್ನ ಭಾರ ಮತ್ತು ಒಂದಿಷ್ಟು ಗಾಳಿ. ತಡೆಗೋಡೆಯನ್ನು ಹಿಂದಿನ ಮಣ್ಣು ಹಗಲೂ ರಾತ್ರಿ ತಳ್ಳುತ್ತಿರುತ್ತದೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ನಾವು ಮೋಸ ಹೋದದ್ದು ಅಲ್ಲೇ.

ಮೊದಲ ಮಳೆಗಾಲ ಗೋಡೆಗೆ ಏನೂ ಆಗಲಿಲ್ಲ. ಅದಕ್ಕೂ ಕಾರಣ ಇತ್ತು. 2023 ಬರಗಾಲದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಒಂದು ಮಳೆಗಾಲ ದಾಟಿತು, ಇನ್ನು ಚಿಂತೆಯಿಲ್ಲ ಅಂದುಕೊಂಡೆವು. ನಿಜವಾಗಿ ನೋಡಿದರೆ ಗೋಡೆಗೆ ಪರೀಕ್ಷೆಯೇ ಆಗಿರಲಿಲ್ಲ. ಬರದಲ್ಲಿ ಎರೆ ಮತ್ತೂ ಆಳಕ್ಕೆ ಬಿರಿದಿತ್ತು. ಮರುವರ್ಷ ಒಳ್ಳೆಯ ಮಳೆ ಬಂದಾಗ ಆ ಬಿರುಕುಗಳೇ ನೀರಿಗೆ ದಾರಿಯಾದವು.

ತೂತು ಹಾಕಿದ ದಿನ

ಗುತ್ತೇದಾರರಿಗೆ ಫೋನ್ ಮಾಡಿದೆ. ಬಂದು ನೋಡಿ, ಹೊರಗಿನಿಂದ ಆಸರೆಗೆ ಎರಡು ಆನಿಕೆ ಗೋಡೆ ಕಟ್ಟಿ ಪ್ಲಾಸ್ಟರ್ ಮಾಡಿದರೆ ಸಾಕು ಅಂದರು. ಆನಿಕೆ ಬರುವುದು ಕಾಕೂ ಅವರ ಜಾಗದಲ್ಲಿ. ಅಲ್ಲದೆ ಬಿರುಕಿನ ಮೇಲೆ ಪ್ಲಾಸ್ಟರ್ ಅಂದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ ಅನ್ನಿಸಿತು. ಗೆಳೆಯರೊಬ್ಬರ ಮೂಲಕ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಸಿಕ್ಕರು. ಮೇಡಂ ಮರುದಿನವೇ ಮಳೆಯಲ್ಲಿ ಕೊಡೆ ಹಿಡಿದು ಬಂದರು.

ಅವರು ಮೊದಲು ನೋಡಿದ್ದು ಗೋಡೆಯನ್ನಲ್ಲ. ತಲೆ ಎತ್ತಿ ಮನೆಯ ಛಾವಣಿಯನ್ನು ನೋಡಿದರು. "ಈ ಪೈಪಿನ ನೀರು ಎಲ್ಲಿ ಹೋಗ್ತದ್ರಿ?" ಅಂತ ಕೇಳಿದರು. ಛಾವಣಿಯ ಮಳೆನೀರಿನ ಪೈಪು ನೇರ ಹಿತ್ತಲಿಗೆ, ಗೋಡೆಯಿಂದ ಆರು ಅಡಿ ಈಚೆ ಬೀಳುತ್ತಿತ್ತು. ನಮ್ಮ ಛಾವಣಿ 1,200 ಚದರ ಅಡಿ. ಒಂದು ಇಂಚು ಮಳೆ ಬಿದ್ದರೆ ಅದರಿಂದ ಸುಮಾರು 2,800 ಲೀಟರ್ ನೀರು ಇಳಿಯುತ್ತದೆ. ಅರ್ಧ ಟ್ಯಾಂಕರ್‌ನಷ್ಟು ನೀರನ್ನು ಪ್ರತಿ ದೊಡ್ಡ ಮಳೆಗೂ ನಾವೇ ಗೋಡೆಯ ಹಿಂದೆ ಸುರಿಯುತ್ತಿದ್ದೆವು.

ಆಮೇಲೆ ಕಾಕೂ ಅವರ ಕಡೆಯಿಂದ, ಗೋಡೆಯ ಒಂದು ತುದಿಯಲ್ಲಿ, ನೆಲದಿಂದ ಒಂದಡಿ ಮೇಲೆ ಡ್ರಿಲ್ ಹಿಡಿಸಿದರು. ಉಬ್ಬಿದ ಭಾಗದ ಹತ್ತಿರ ಯಾರನ್ನೂ ಬಿಡಲಿಲ್ಲ. ಡ್ರಿಲ್ಲಿನ ಉದ್ದನೆಯ ಮೊನೆ ಒಳಗೆ ಹೋಗುತ್ತಾ ಹೋಗುತ್ತಾ ಸದ್ದು ಬದಲಾಯಿತು. ಹುಡುಗ ಅದನ್ನು ಹಿಂದಕ್ಕೆ ಎಳೆದ. ಕ್ಷಣ ಏನೂ ಇಲ್ಲ. ಆಮೇಲೆ ಚಹಾದ ಬಣ್ಣದ ನೀರು ಬೆರಳು ದಪ್ಪ ಧಾರೆಯಾಗಿ ಮೂರು ಅಡಿ ದೂರ ಚಿಮ್ಮಿತು. ಬಕೆಟ್ ಹಿಡಿದರೆ ನಿಮಿಷದೊಳಗೆ ತುಂಬಿತು. ಇನ್ನೂ ಎರಡು ತೂತು ಹಾಕಿಸಿದರು, ಅವೂ ಚಿಮ್ಮಿದವು. ಸಂಜೆಯವರೆಗೂ ಧಾರೆ ನಿಲ್ಲಲಿಲ್ಲ. ಕಾಕೂ ಬಾಗಿಲಲ್ಲಿ ನಿಂತು, "ಅಯ್ಯ ಶಿವನೇ, ಇಷ್ಟೂ ನೀರು ನನ್ನ ಬೆನ್ನಿಗೇ ಇತ್ತೇನು?" ಅಂದರು.

ಮೇಡಂ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟು ಲೆಕ್ಕ ತೋರಿಸಿದರು. ಗರಸಿನಂಥ ಒಳ್ಳೆಯ ಮಣ್ಣು, ಒಣಗಿರುವಾಗ, 8 ಅಡಿ ಎತ್ತರದ ಗೋಡೆಯನ್ನು ತಳ್ಳುವುದು ಉದ್ದದ ಪ್ರತಿ ಮೀಟರಿಗೆ ಸುಮಾರು ಒಂದೂಮುಕ್ಕಾಲು ಟನ್. ಅದೇ ಗೋಡೆಯ ಹಿಂದೆ ಮೇಲಿನವರೆಗೆ ನೀರು ನಿಂತರೆ ಮೂರೂವರೆ ಟನ್‌ಗಿಂತ ಜಾಸ್ತಿ. ಎರೆಮಣ್ಣು ಉಬ್ಬಿದರೆ ಅದರ ತಳ್ಳಾಟ ಬೇರೆ. ಇನ್ನೊಂದು ಮಾತೂ ಹೇಳಿದರು. 4 ಅಡಿ ಗೋಡೆಯನ್ನು 8 ಅಡಿ ಮಾಡಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಬುಡದಲ್ಲಿ ಗೋಡೆಯನ್ನು ಮಗುಚುವ ಬಲ ಎಂಟು ಪಟ್ಟು. ರನ್ನಿಂಗ್ ಫೂಟ್ ದರದಲ್ಲಿ ಇದ್ಯಾವುದೂ ಕಾಣುವುದಿಲ್ಲ ಅಲ್ವಾ?

ಆ ವಾರ ನವಲಗುಂದದಿಂದ ಅಪ್ಪ ಬಂದರು. ಜೀವನವೆಲ್ಲ ಎರೆಹೊಲದಲ್ಲಿ ಕಳೆದವರು. ಗೋಡೆ ನೋಡಿ, ನೀರು ಬರುವ ತೂತು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೋಡಿ ಬಿಡದ ಒಡ್ಡು ಹಾಕಿಸೀ ಏನಪಾ?" ಅಂದರು. ನನಗೆ ಮುಖ ಎತ್ತಲಾಗಲಿಲ್ಲ. ನಮ್ಮ ಹೊಲದ ಪ್ರತಿ ಒಡ್ಡಿಗೂ ಕಲ್ಲು ಕಟ್ಟಿದ ಕೋಡಿ ಇದೆ. ಹೆಚ್ಚಾದ ನೀರು ಅಲ್ಲಿಂದ ಇಳಿದು ಹೋಗುತ್ತದೆ. ಕೋಡಿ ಇಲ್ಲದಿದ್ದರೆ ಒಡ್ಡು ಒಡೆಯುತ್ತದೆ ಅನ್ನುವುದನ್ನು ನಾನು ಚಿಕ್ಕಂದಿನಿಂದ ಕಣ್ಣಾರೆ ನೋಡಿದ್ದೇನೆ. ಊರಿಗೆ ಬಂದು ಸಿಮೆಂಟ್ ಕಂಡ ಮೇಲೆ ಅದು ನೆನಪಿಗೇ ಬರಲಿಲ್ಲ.

ಮಳೆ ನಿಲ್ಲುವವರೆಗೆ

ಮಳೆಗಾಲದಲ್ಲಿ ಗೋಡೆ ಕೆಡವಲು ಬರುವುದಿಲ್ಲ. ಅಕ್ಟೋಬರ್‌ವರೆಗೆ ಹೇಗಾದರೂ ನಿಲ್ಲಿಸಬೇಕಿತ್ತು. ಅದೇ ದಿನ ಛಾವಣಿಯ ಪೈಪನ್ನು ರಸ್ತೆಯ ಗಟಾರಿಗೆ ತಿರುಗಿಸಿದೆವು. ಹಿತ್ತಲಿಗೆಲ್ಲ ತಾಡಪತ್ರಿ ಹಾಸಿದೆವು. ಮಳೆ ಎರಡು ದಿನ ಬಿಡುವು ಕೊಟ್ಟಾಗ ಗೋಡೆಯ ಹಿಂದಿನ ಮಣ್ಣನ್ನು ಮೇಲಿನಿಂದ ಮೂರು ಅಡಿ ಕೈಯಿಂದಲೇ ತೆಗೆಸಿದೆವು. ಜೆಸಿಬಿ ತರಬೇಡಿ, ಅದರ ಭಾರವೇ ಗೋಡೆಯನ್ನು ಕೆಡವೀತು ಅಂತ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಕಾಕೂ ಅವರ ಒಗೆಯುವ ಕಲ್ಲನ್ನು ಮನೆಯ ಮುಂದೆ ಇಟ್ಟುಕೊಟ್ಟು, ಆ ಕಡೆ ಹಗ್ಗ ಕಟ್ಟಿದೆವು. ಗೋಡೆ ಮತ್ತೆ ಅರ್ಧ ಇಂಚು ವಾಲಿ ಅಲ್ಲಿಗೆ ನಿಂತಿತು.

ಕಾಯಿದೆಯ ಮಾತೂ ಬಂತು. ಅಕ್ಕಪಕ್ಕದ ಜಾಗಗಳ ಹಕ್ಕಿನ ಬಗ್ಗೆ ಇರುವ ಭಾರತದ ಈಸ್‌ಮೆಂಟ್ ಕಾಯಿದೆ 1882ರದ್ದು. ಅದರ 7ನೇ ಕಲಮಿನ ಪ್ರಕಾರ, ಸಹಜ ಸ್ಥಿತಿಯಲ್ಲಿರುವ ನೆಲಕ್ಕೆ ಪಕ್ಕದ ನೆಲದ ಆಸರೆ ಸಿಗಬೇಕು, ಅದು ಹಕ್ಕು. ನಮ್ಮದು ಸಹಜ ಸ್ಥಿತಿಯಲ್ಲ, ನಾವೇ ಏರಿಸಿದ ಮಣ್ಣು. ಹಾಗಾಗಿ ಅದನ್ನು ಹಿಡಿದಿಡುವ ಹೊಣೆ ನಮ್ಮದೇ ಅಂತ ವಕೀಲ ಗೆಳೆಯರು ಸ್ಪಷ್ಟವಾಗಿ ಹೇಳಿದರು. ಕಾಕೂ ಒಂದು ಕಟುವಾದ ಮಾತೂ ಆಡಲಿಲ್ಲ. ಅದಕ್ಕೇ ನಮಗೆ ಇನ್ನೂ ಹೊರೆ ಅನ್ನಿಸಿತು.

ಗುತ್ತೇದಾರರ ವಿಷಯಕ್ಕೆ ಗ್ರಾಹಕರ ಕಾಯಿದೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ ಕಟ್ಟಡ ಕೆಲಸದ ದೋಷಕ್ಕೂ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಸಹಾಯವಾಣಿ 1915. ನಮ್ಮ ಕೈಯಲ್ಲಿ ಕರಾರು ಇರಲಿಲ್ಲ. ಆದರೆ ಫೋನ್‌ಪೇ ಮಾಡಿದ ದಾಖಲೆ, ವಾಟ್ಸಾಪ್ ಮಾತುಕತೆ, ಕೆಲಸದ ಫೋಟೋ ಇದ್ದವು. ಮೇಡಂ ಅವರ ವರದಿ ಸೇರಿಸಿ ರಿಜಿಸ್ಟರ್ಡ್ ಪತ್ರ ಕಳಿಸಿದೆ. ಎರಡು ಸಲ ಕೂತು ಮಾತಾಡಿದ ಮೇಲೆ ಅವರು 50,000 ರೂಪಾಯಿ ವಾಪಸ್ ಕೊಟ್ಟರು. ಆಯೋಗಕ್ಕೆ ಹೋಗಿದ್ದರೆ ಜಾಸ್ತಿ ಸಿಗುತ್ತಿತ್ತೋ ಏನೋ. ನನಗೆ ಮುಂದಿನ ಮಳೆಗಾಲದೊಳಗೆ ಗೋಡೆ ಬೇಕಿತ್ತು. ಅಲ್ಲಿಗೆ ಮುಗಿಸಿದೆ.

ನಕ್ಷೆ ಮೊದಲು, ಗುತ್ತೇದಾರ ಆಮೇಲೆ

ನವೆಂಬರ್‌ನಲ್ಲಿ ಮೇಡಂ ಗೋಡೆಯ ಹತ್ತಿರ ಎರಡು ಕಡೆ ಗುಂಡಿ ತೆಗೆಸಿದರು. ಕಾಕೂ ಅವರ ನೆಲದ ಮಟ್ಟದಿಂದ ಎರಡೂವರೆ ಅಡಿ ಕೆಳಗೆ ಗಟ್ಟಿ ಗರಸು ಸಿಕ್ಕಿತು. ಹಳೆಯ ಪಾಯಾ ಒಂದೂವರೆ ಅಡಿಗೇ ನಿಂತಿತ್ತು. ಅಂದರೆ ಪಾಯಾ ಕೂತದ್ದು ಉಬ್ಬಿ ಕುಗ್ಗುವ ಎರೆಯ ಮೇಲೆ. ಇನ್ನೊಂದೇ ಒಂದು ಅಡಿ ಇಳಿದಿದ್ದರೆ ಗರಸು ಸಿಗುತ್ತಿತ್ತು ಅನ್ನುವುದು ಇವತ್ತಿಗೂ ನನಗೆ ನೋವು.

ಕಲ್ಲಿನ ಗೋಡೆಯ ಬಗ್ಗೆಯೂ ಯೋಚಿಸಿದೆವು. ನಮ್ಮ ಕಡೆ ಒಳ್ಳೆಯ ಕಲ್ಲು ಸಿಗುತ್ತದೆ, ಕಟ್ಟುವ ಗೌಂಡಿಗಳೂ ಇದ್ದಾರೆ. ಆದರೆ ಕಲ್ಲಿನ ಗೋಡೆ ತನ್ನ ಭಾರದಿಂದಲೇ ನಿಲ್ಲಬೇಕು. ಈ ಎತ್ತರಕ್ಕೆ ಅದರ ಬುಡ ಎತ್ತರದ ಅರ್ಧದಷ್ಟಾದರೂ ದಪ್ಪ ಬೇಕು. ನಮ್ಮ ಚಿಕ್ಕ ಹಿತ್ತಲಿಗೆ ಅದು ಜಾಸ್ತಿಯಾಯಿತು. ಜಾಗ ಇದ್ದವರಿಗೆ ನಾನು ಕಲ್ಲನ್ನೇ ಹೇಳುತ್ತೇನೆ.

ಕೊನೆಗೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಕಾಂಕ್ರೀಟ್ ಗೋಡೆ ಅಂತ ಆಯಿತು. ಅಡಿಯ ಹಾಸು ಆರೂವರೆ ಅಡಿ ಅಗಲ, ಒಂದಡಿ ದಪ್ಪ. ಪೂರ್ತಿ ನಮ್ಮ ಕಡೆಗೇ, ನಮ್ಮ ಮಣ್ಣಿನ ಕೆಳಗೆ. ಗೋಡೆ ಬುಡದಲ್ಲಿ 10 ಇಂಚು, ತಲೆಯಲ್ಲಿ 8 ಇಂಚು. ಈ ಆಕಾರದ ಉಪಾಯ ನನಗೆ ಬಹಳ ಹಿಡಿಸಿತು. ತಳ್ಳುವ ಮಣ್ಣೇ ಹಾಸಿನ ಮೇಲೆ ಕೂತು ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಈ ಅಳತೆ ನಮ್ಮ ಮಣ್ಣಿಗೆ, ನಮ್ಮ ಎತ್ತರಕ್ಕೆ ಹಾಕಿದ್ದು. ದಯವಿಟ್ಟು ಇದನ್ನೇ ನೋಡಿ ಕಟ್ಟಿಸಬೇಡಿ. ನಕ್ಷೆಗೆ, ನಡುವೆ ಬಂದು ನೋಡುವುದಕ್ಕೆ ಸೇರಿ ಮೇಡಂ 15,000 ತಗೊಂಡರು.

ಅದೇ ನಕ್ಷೆಯನ್ನು ಮೂವರು ಗುತ್ತೇದಾರರಿಗೆ ಕೊಟ್ಟೆವು. ಎಲ್ಲರೂ ಒಂದೇ ಕೆಲಸಕ್ಕೆ ದರ ಹೇಳಿದಾಗ ಮಾತ್ರ ದರಗಳನ್ನು ಹೋಲಿಸಲು ಬರುತ್ತದೆ. ಒಬ್ಬರು ನಕ್ಷೆ ಬಿಚ್ಚದೆ ಮತ್ತೆ ರನ್ನಿಂಗ್ ಫೂಟ್ ದರ ಹೇಳಿದರು. ಇನ್ನೊಬ್ಬರ ದರ ಎಲ್ಲರಿಗಿಂತ ಕಡಿಮೆ. ನೋಡಿದರೆ ಗೋಡೆಯ ಹಿಂದಿನ ಖಡಿ (ಜಲ್ಲಿಕಲ್ಲು), ಪೈಪು, ಗರಸು ಯಾವುದೂ ಅದರಲ್ಲಿ ಸೇರಿರಲಿಲ್ಲ. ಮೂರನೆಯವರು ಕುಂದಗೋಳ ಕಡೆಯವರು. ಅವರು ಬಂದವರೇ ಗುಂಡಿಗೆ ಇಳಿದು ಗರಸನ್ನು ಸಲಾಕೆಯಿಂದ ಕೆದರಿ ನೋಡಿದರು. "ನೀರು ಎಲ್ಲಿ ಬಿಡೂದ್ರಿ?" ಅಂತ ತಾವಾಗಿಯೇ ಕೇಳಿದರು. ನಾನು ಅವರನ್ನು ಆರಿಸಿದ್ದು ಆ ಪ್ರಶ್ನೆಗೆ.

ಆದರೂ ಅವರ ಹಳೆಯ ಕೆಲಸ ನೋಡದೆ ಒಪ್ಪಲಿಲ್ಲ. ಹೊಸ ಗೋಡೆ ಬೇಡ, ನಾಲ್ಕೈದು ಮಳೆಗಾಲ ಕಂಡ ಗೋಡೆ ತೋರಿಸಿ ಅಂದೆ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹತ್ತಿರ ಒಂದು ಮನೆಗೆ ಕರೆದುಕೊಂಡು ಹೋದರು. ಗೋಡೆಯ ಪ್ರತಿ ತೂತಿನ ಕೆಳಗೆ ಪಾಚಿಯ ಹಸಿರು ಗೆರೆ ಇತ್ತು. ಅಂದರೆ ನೀರು ಹೊರಗೆ ಬರುತ್ತಿದೆ. ಮನೆಯ ಅಮ್ಮನವರು, "ಹೇಳಿದ ದಿವಸ ಬರಂಗಿಲ್ಲ, ಆದ್ರ ಕೆಲಸ ಛಲೋ ಮಾಡ್ತಾರ" ಅಂದರು. ಅದೂ ನಿಜವೇ ಆಯಿತು.

ರೊಕ್ಕದ ಮಾತು

ಒಟ್ಟು 4,36,000 ರೂಪಾಯಿಗೆ ಒಪ್ಪಿದೆವು. ಹಳೆಯ ಗೋಡೆ ಕೆಡವಿ ಸಾಗಿಸಲು 35,000 ಬೇರೆ. ಈ ಸಲ ಎರಡು ಪುಟದ ಕರಾರು ಬರೆದೆವು. ಮುಖ್ಯ ವಿಷಯ ಕಂತುಗಳದ್ದು.

ತಡೆಗೋಡೆಯಲ್ಲಿ ಬೇಕಾದದ್ದೆಲ್ಲ ಕಡೆಗೆ ಮುಚ್ಚಿ ಹೋಗುತ್ತದೆ. ಪಾಯಾ ಮಣ್ಣಿನಡಿ, ಸಳಿ (ಕಬ್ಬಿಣದ ಸರಳು) ಕಾಂಕ್ರೀಟಿನೊಳಗೆ, ಖಡಿ ಮತ್ತು ಪೈಪು ಗೋಡೆಯ ಹಿಂದೆ. ನಮ್ಮ ಕಣ್ಣಿಗೆ ಉಳಿಯುವುದು ಮುಂದಿನ ಮುಖ ಒಂದೇ. ಹಾಗಾಗಿ ಮುಚ್ಚುವ ಮುಂಚೆ ಮೇಡಂ ನೋಡಿ ಸರಿ ಅನ್ನಬೇಕು, ಆಮೇಲೆಯೇ ಆ ಕಂತು ಅಂತ ಬರೆದೆವು. ಮುಂಗಡ ನೂರಕ್ಕೆ 10. ಗುಂಡಿ ತೆಗೆದು, ತಳ ನೋಡಿ, ಹಾಸಿನ ಕೆಳಗಿನ ಬಡ ಕಾಂಕ್ರೀಟ್ (ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟ್) ಹಾಕಿದ ಮೇಲೆ 15. ಹಾಸು ಆದ ಮೇಲೆ 25, ಗೋಡೆ ಎದ್ದ ಮೇಲೆ 20. ಖಡಿ, ಪೈಪು, ಗರಸಿನ ಕೆಲಸಕ್ಕೆ 25 ಉಳಿಸಿಕೊಂಡೆವು. ಗೋಡೆ ನಿಂತಿತು ಅಂದ ಕೂಡಲೇ ಎಲ್ಲರೂ ರೊಕ್ಕ ತೀರಿಸಿಬಿಡುತ್ತಾರೆ, ಆಮೇಲೆ ಹಿಂದಿನ ಕೆಲಸ ಯಾರಿಗೂ ಬೇಡ. ಅದಕ್ಕೇ ಅಷ್ಟು ದೊಡ್ಡ ಪಾಲು ಅಲ್ಲಿಗೆ.

ಕೊನೆಯದಾಗಿ ನಾನು ಒಂದು ಮಳೆಗಾಲ ಮುಗಿಯುವವರೆಗೆ 10 ಹಿಡಿದುಕೊಳ್ಳುತ್ತೇನೆ ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

"ಸರ್, ನೀವು ದೀಪಾವಳಿ ತನಕ ರೊಕ್ಕ ಹಿಡಕೊಂಡ್ರ, ನಮ್ಮ ಹುಡುಗರ ಪಗಾರ ಎಲ್ಲಿಂದ ಕೊಡೂದ್ರಿ?"

ಅವರ ಮಾತೂ ಸರಿ ಇತ್ತು. ಕೂಲಿಯವರ ಪಗಾರ ಪ್ರತಿ ಶನಿವಾರ ಆಗಲೇಬೇಕು. 5ಕ್ಕೆ ಇಳಿದೆವು. 21,800 ರೂಪಾಯಿ. ಮುಂಗಡ ಮತ್ತು ಕಂತುಗಳನ್ನು ಒಂದು ದಿನವೂ ತಡ ಮಾಡುವುದಿಲ್ಲ ಅಂತ ನಾನು ಮಾತು ಕೊಟ್ಟೆ, ಹಾಗೇ ನಡೆದುಕೊಂಡೆ.

ಕೆಲಸ

2025ರ ಜನವರಿಯಲ್ಲಿ ಶುರು. ಹಳೆಯ ಗೋಡೆಯನ್ನು ಒಮ್ಮೆಲೇ ಕೆಡವಲಿಲ್ಲ. 40 ಅಡಿಯನ್ನು ಮೂರು ತುಂಡು ಮಾಡಿ, ಒಂದರ ಹಾಸು ಆದ ಮೇಲೆ ಇನ್ನೊಂದು. ಗುಂಡಿಯ ಅಂಚನ್ನು ನೆಟ್ಟಗೆ ಕಡಿಯದೆ ಇಳಿಜಾರು ಬಿಟ್ಟರು. ಎಂಟು ಅಡಿ ಮಣ್ಣು ನೆಟ್ಟಗೆ ನಿಂತಲ್ಲಿ ಮನುಷ್ಯ ಇಳಿದರೆ, ಜಾರಿದ ಮಣ್ಣು ಏಳುವ ಸಮಯವನ್ನೂ ಕೊಡುವುದಿಲ್ಲ. ಗೋಡೆಯನ್ನು ಗಡಿಯಿಂದ ಒಂದೂವರೆ ಅಡಿ ಒಳಗೆ ತಗೊಂಡೆವು. ಆ ಪಟ್ಟಿಯಲ್ಲಿ ಸಣ್ಣ ಗಟಾರು. ತೂತಿನ ನೀರು ಕಾಕೂ ಅವರ ಹಿತ್ತಲಿಗೆ ಬೀಳದೆ ಅದರಲ್ಲಿ ಹರಿದು ಪಕ್ಕದ ದೊಡ್ಡ ಗಟಾರಿಗೆ ಸೇರಬೇಕು. ನಮ್ಮ ತೊಂದರೆ ಕಳೆದುಕೊಳ್ಳಲು ಅವರಿಗೆ ತೊಂದರೆ ಕೊಡುವುದು ಯಾವ ನ್ಯಾಯ?

ಗೋಡೆಯ ಸಳಿ ಕಟ್ಟಿದ ದಿನ ನಡೆದದ್ದನ್ನು ಹೇಳಲೇಬೇಕು. ಮುಖ್ಯ ಸಳಿ 12 ಎಂಎಂ, ಆರು ಇಂಚಿಗೊಂದು. ಹುಡುಗರು ಬೆಳಗ್ಗೆಯಿಂದ ನೀಟಾಗಿ ಕಟ್ಟಿದ್ದರು. ಮಧ್ಯಾಹ್ನ ಸೆಂಟ್ರಿಂಗ್ ಹಲಗೆ ಮುಚ್ಚುವ ಮುಂಚೆ ಮೇಡಂ ಬಂದರು. ಒಂದು ನಿಮಿಷ ನೋಡಿ, "ಇದು ಉಲ್ಟಾ ಆಗೇದ" ಅಂದರು. ಒಂದು ತುಂಡಿನಲ್ಲಿ ದಪ್ಪ ಸಳಿ ಹೊರಮುಖಕ್ಕೆ, ತೆಳ್ಳನೆಯದು ಮಣ್ಣಿನ ಕಡೆಗೆ ಬಂದಿತ್ತು. ಮಣ್ಣು ತಳ್ಳಿದಾಗ ಗೋಡೆ ಹೊರಕ್ಕೆ ಬಾಗುತ್ತದೆ, ಮಣ್ಣಿನ ಕಡೆಯ ಮುಖ ಹಿಗ್ಗುತ್ತದೆ. ಕಾಂಕ್ರೀಟು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಎಳೆತ ಬರುವ ಕಡೆಯೇ ಸಳಿ ಇರಬೇಕು. ಹಲಗೆ ಮುಚ್ಚಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುತ್ತೇದಾರರು ವಾದ ಮಾಡಲಿಲ್ಲ, ಪೂರ್ತಿ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಒಂದು ದಿನ ಹೋಯಿತು. 15,000 ರೂಪಾಯಿ ಫೀಸು ಆ ಒಂದು ನಿಮಿಷದಲ್ಲಿ ಮುಟ್ಟಿತು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕಾಂಕ್ರೀಟಿಗೆ ನೀರುಣಿಸುವುದು ಕಷ್ಟವೇ ಆಯಿತು. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದ್ದರಿಂದ ಕಡಿಮೆ ಅಂದರೂ ಹತ್ತು ದಿನ ಹಸಿ ಇಡಬೇಕು. ನಮ್ಮಲ್ಲಿ ಮಲಪ್ರಭೆಯ ನೀರು ದಿನಾ ಬರುವುದಿಲ್ಲ. ಗೋಣಿಚೀಲ ಹೊದಿಸಿ, ಎರಡು ಟ್ಯಾಂಕರ್ ತರಿಸಿ, ಬೆಳಗ್ಗೆ ನಾನು, ಮಧ್ಯಾಹ್ನ ನನ್ನ ಹೆಂಡತಿ, ಸಂಜೆ ಕಾಕೂ ಅವರ ಮೊಮ್ಮಗ ಪೈಪು ಹಿಡಿದೆವು.

ಗೋಡೆಯ ಹಿಂದೆ ಬುಡದಲ್ಲಿ ತೂತಿನ ಪೈಪು ಮಲಗಿಸಿ, ಒಂದಡಿ ದಪ್ಪ ಖಡಿ ಏರಿಸುತ್ತಾ ಹೋದರು. ಮಣ್ಣು ಬಂದು ಖಡಿಯ ಸಂದು ಮುಚ್ಚದ ಹಾಗೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಗೋಡೆಯಲ್ಲಿ ಮೂರು ಇಂಚಿನ ಪೈಪಿನ ತೂತು, ಕೆಳಸಾಲಿನಲ್ಲಿ ಎಂಟು, ಮೇಲಿನ ಸಾಲಿನಲ್ಲಿ ಏಳು. ಒಂದರ ನೇರಕ್ಕೆ ಇನ್ನೊಂದಿಲ್ಲ, ಎಲ್ಲವೂ ಸ್ವಲ್ಪ ಹೊರಗೆ ಇಳಿಜಾರು.

ಖಡಿಯ ಹಿಂದೆ 18 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಗರಸು. ನಾಲ್ಕನೇ ಟಿಪ್ಪರ್ ಖಾಲಿ ಮಾಡಿದಾಗ ಬಣ್ಣ ಕಪ್ಪಗೆ ಕಂಡಿತು. ಅಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದ್ದು ಹೋಗಿ ಒಂದು ಹಿಡಿ ತಗೊಂಡು, ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆದರು. ಶಾವಿಗೆಯ ಹಾಗೆ ಎಳೆ ಬಂತು, ಮುರಿಯಲೇ ಇಲ್ಲ. ಮೊದಲ ಟಿಪ್ಪರ್‌ನ ಗರಸನ್ನೂ ಹಾಗೇ ಹೊಸೆದರು. ಅದು ಪುಡಿಪುಡಿಯಾಗಿ ಉದುರಿತು. "ಇದು ಎರಿ. ಒಯ್ಯಪಾ ಇದನ್ನ" ಅಂದರು ಡ್ರೈವರ್‌ಗೆ. ಅವನು ಗೊಣಗಿದ. ಗುತ್ತೇದಾರರು ಎರಡೂ ಎಳೆ ನೋಡಿ ವಾಪಸ್ ಕಳಿಸಿದರು. ಒಂಬತ್ತು ಇಂಚಿಗೊಂದು ಪದರ ಹಾಕಿ, ನೀರು ಚಿಮುಕಿಸಿ, ಕೈಯಿಂದಲೇ ದಮ್ಮಸು ಹೊಡೆದರು. ಮಾರ್ಚ್ ಕೊನೆಗೆ ಕೆಲಸ ಮುಗಿಯಿತು, ಹೇಳಿದ್ದಕ್ಕಿಂತ ಮೂರು ವಾರ ತಡವಾಗಿ.

ಮಳೆ

2025ರ ಆರಿದ್ರಾ ಮಳೆಯಲ್ಲಿ ಒಂದು ರಾತ್ರಿ ಜೋರಾಗಿ ಸುರಿಯಿತು. ಬೆಳಗಿನ ಐದಕ್ಕೆ ನಾನು ಬ್ಯಾಟರಿ ಹಿಡಿದು ಕಾಕೂ ಅವರ ಹಿತ್ತಲಿಗೆ ಹೋದೆ. ಅವರು ಆಗಲೇ ಎದ್ದು ಬಂದು ನಿಂತಿದ್ದರು. ಕೆಳಸಾಲಿನ ಎಂಟು ತೂತಿನಲ್ಲಿ ಆರರಿಂದ ತಿಳಿ ನೀರು ಇಳಿಯುತ್ತಿತ್ತು. ಚಹಾದ ಬಣ್ಣ ಇಲ್ಲ. ಅಂದರೆ ಮಣ್ಣು ಕೊಚ್ಚಿ ಬರುತ್ತಿಲ್ಲ, ಬಟ್ಟೆ ತನ್ನ ಕೆಲಸ ಮಾಡುತ್ತಿದೆ. ಒಣಗಿದ್ದ ಎರಡರಲ್ಲಿ ಒಂದಕ್ಕೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಸಳಿಯಿಂದ ಚುಚ್ಚಿ ತೆಗೆದೆ, ಹನಿ ಶುರುವಾಯಿತು. ಇನ್ನೊಂದರಿಂದ ಇವತ್ತಿಗೂ ನೀರು ಬರುವುದಿಲ್ಲ. ಬುಡದ ಪೈಪಿನ ಬಾಯಿಗೆ ಹತ್ತಿರ ಇದೆ, ನೀರು ಮೊದಲೇ ಅಲ್ಲಿಗೆ ಇಳಿದು ಹೋಗುತ್ತಿರಬೇಕು ಅಂತ ಮೇಡಂ ಹೇಳಿದರು. ಮುಂದಿನ ಜೂನ್‌ಗೆ ಮುಂಚೆ ಅದನ್ನೂ ಒಮ್ಮೆ ಸಳಿ ಹಾಕಿ ನೋಡಬೇಕು.

ದೀಪಾವಳಿಗೆ ಎರಡು ದಿನ ಮುಂಚೆ ತೂಗುಗುಂಡು ಬಿಟ್ಟು ನೋಡಿದೆವು. ದಾರ ಮಾರ್ಚ್‌ನಲ್ಲಿ ಹಾಕಿದ ಪೆನ್ಸಿಲ್ ಗುರುತಿನ ಮೇಲೇ ನಿಂತಿತು. ಗುತ್ತೇದಾರರಿಗೆ ಅಲ್ಲೇ ನಿಂತು 21,800 ಕಳಿಸಿದೆ. ಕಾಕೂ ಒಳಗಿನಿಂದ ಎಲ್ಲರಿಗೂ ಚಹಾ ತಂದರು. ಒಗೆಯುವ ಕಲ್ಲನ್ನು ಅದೇ ದಿನ ಅದರ ಹಳೆಯ ಜಾಗಕ್ಕೆ ಇಟ್ಟೆವು.